ಅಪಾಯಕಾರಿ ಚಾಲನೆಯ ಆರೋಪ: ಕಾನೂನು ಏನನ್ನು ಕೇಳುತ್ತದೆ?

ರಸ್ತೆ ಅಪಘಾತದಲ್ಲಿ ಯಾರಾದರೂ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ, ಚಾಲಕನ ಮೇಲಿನ ಪ್ರಕರಣದಲ್ಲಿ ನ್ಯಾಯಾಲಯ ಮುಖ್ಯವಾಗಿ ಪರೀಕ್ಷಿಸುವುದು ಅವನು ವಾಹನ ಓಡಿಸಿದ ರೀತಿಯನ್ನು. ಇದನ್ನು ತಿಳಿಯದ ಎಷ್ಟೋ ಚಾಲಕರು ಹೆದರಿ ಪರಾರಿಯಾಗುತ್ತಾರೆ, ಇಲ್ಲವೇ ಬೇಗ ಮುಗಿದರೆ ಸಾಕೆಂದು ಮಾಡದ ತಪ್ಪನ್ನೂ ಒಪ್ಪಿಕೊಂಡುಬಿಡುತ್ತಾರೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ, ಜೀವಕ್ಕೆ ಅಪಾಯವಾಗುವಷ್ಟು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ವಾಹನ ಓಡಿಸುವುದನ್ನು, ಯಾರಿಗೂ ಪೆಟ್ಟಾಗದಿದ್ದರೂ, ಅಪರಾಧವೆಂದು ಪರಿಗಣಿಸುತ್ತದೆ. ಮೂಳೆ ಮುರಿತದಂಥ ತೀವ್ರ ಗಾಯವಾದರೆ 125(ಬಿ) ಕಲಮಿನಡಿ 3 ವರ್ಷದವರೆಗೆ, ಸಾವಾದರೆ 106(1)ರಡಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇವುಗಳ ಜೊತೆಗೆ ಅನ್ವಯವಾಗಬಹುದಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಂ, ಕೆಂಪು ದೀಪ ದಾಟುವುದು, ಮೊಬೈಲ್ ಹಿಡಿದು ಓಡಿಸುವುದು, ಎದುರು ದಿಕ್ಕಿನಲ್ಲಿ ನುಗ್ಗುವುದು ಮುಂತಾದವನ್ನು ಅಪಾಯಕಾರಿ ಚಾಲನೆಯೆಂದು ಹೆಸರಿಸಿಯೇ ಹೇಳುತ್ತದೆ. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಅರಿವು ಚಾಲಕನಿಗಿತ್ತೆಂದು ಸಾಬೀತಾದರೆ ಅದು ನ್ಯಾಯ ಸಂಹಿತೆಯ 105ನೇ ಕಲಮಿನ ನರಹತ್ಯೆಯಾಗಿ, ಶಿಕ್ಷೆ 10 ವರ್ಷದವರೆಗೂ ಹೋಗಬಹುದು. 2006ರಲ್ಲಿ ಮುಂಬೈಯ ಕಾರ್ಟರ್ ರಸ್ತೆಯ ಬದಿಯಲ್ಲಿ ಮಲಗಿದ್ದ 7 ಕಾರ್ಮಿಕರು ಕಾರಿನಡಿ ಸಿಕ್ಕಿ ಸತ್ತ ಪ್ರಕರಣದಲ್ಲಿ, ಹಳೆಯ ದಂಡ ಸಂಹಿತೆಯ ಇಂಥದೇ ಕಲಮಿನಡಿ ಕುಡಿದಿದ್ದ ಚಾಲಕನಿಗೆ ವಿಧಿಸಲಾಗಿದ್ದ 3 ವರ್ಷದ ಸಜೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು.

ಕರ್ನಾಟಕದ ಠಾಣೆಗಳಲ್ಲಿ ದಾಖಲಾಗುವ ಅಪಘಾತದ ದೂರುಗಳಲ್ಲಿ 'ಅತಿವೇಗ ಮತ್ತು ಅಜಾಗರೂಕತೆಯಿಂದ' ಎಂಬ ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಆದರೆ ಅದು ಆರೋಪವೇ ಹೊರತು ಪುರಾವೆಯಲ್ಲ. 1982ರಲ್ಲಿ ಲಾರಿ ಮಗುಚಿ 15 ಮಂದಿ ಸತ್ತ ಪ್ರಕರಣವೊಂದರಲ್ಲಿ, ಕರ್ನಾಟಕ ರಾಜ್ಯವು ಸುಪ್ರೀಂ ಕೋರ್ಟಿನವರೆಗೆ ಹೋದರೂ ಚಾಲಕನ ಬಿಡುಗಡೆಯೇ 1998ರಲ್ಲಿ ಖಾಯಂ ಆಯಿತು. ವೇಗವಾಗಿ ಓಡಿಸಿದ ಮಾತ್ರಕ್ಕೆ ನಿರ್ಲಕ್ಷ್ಯವಾಗಲಿ ದುಡುಕಾಗಲಿ ರುಜುವಾಗದು, 'ವೇಗ' ಎಂಬುದೇ ಸಂದರ್ಭವನ್ನು ಅವಲಂಬಿಸಿದ ಮಾತು ಎಂದ ನ್ಯಾಯಾಲಯ, ವಾಹನ ಪರಿಶೀಲಿಸಿದ ಮೋಟಾರು ವಾಹನ ನಿರೀಕ್ಷಕರನ್ನು ಸಾಕ್ಷಿಯಾಗಿ ವಿಚಾರಿಸದೇ ಇದ್ದುದನ್ನು ದೊಡ್ಡ ಲೋಪವೆಂದು ಗುರುತಿಸಿತು. ಇಷ್ಟು ಜನರ ಸಾವಿಗೆ ಹೊಣೆಗಾರರೇ ಇಲ್ಲವೇ ಎಂಬ ನೋವು ಸಹಜವಾದದ್ದೇ. ಆದರೆ ಆ ನೋವಿಗೆ ಕಾರಣ ತನಿಖೆಯ ದೌರ್ಬಲ್ಯ, ಪುರಾವೆ ಬೇಕೆಂಬ ನಿಯಮವಲ್ಲ.

ಆರೋಪಿಯ ಮೊದಲ ಕರ್ತವ್ಯವಿರುವುದು ಗಾಯಾಳುವಿನ ಕಡೆಗೆ. ಉದ್ರಿಕ್ತ ಗುಂಪಿನಿಂದ ಅಪಾಯವಿದ್ದಂಥ ಸಂದರ್ಭಗಳನ್ನು ಬಿಟ್ಟರೆ, ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದನ್ನು ಹಾಗೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದನ್ನು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಕಡ್ಡಾಯಗೊಳಿಸಿದೆ. ಪರಾರಿಯಾದವನು ಈ ಕರ್ತವ್ಯವನ್ನು ಮೀರಿ ಇನ್ನೊಂದು ಅಪರಾಧವನ್ನು ಮೈಮೇಲೆ ಎಳೆದುಕೊಳ್ಳುತ್ತಾನೆ. ಚಾಲಕನ ಬದಲು ಬೇರೊಬ್ಬನನ್ನು ಠಾಣೆಗೆ ಕಳುಹಿಸುವ ರೂಢಿಯಂತೂ ಅಕ್ಷಮ್ಯ. 106(1)ರ ಅಪರಾಧ ಜಾಮೀನಿಗೆ ಅರ್ಹವಾದದ್ದು, ಅಂದರೆ ಜಾಮೀನು ಪಡೆಯುವುದು ಆರೋಪಿಯ ಹಕ್ಕು. 105ರಲ್ಲಿ ಆ ಹಕ್ಕಿಲ್ಲ, ನ್ಯಾಯಾಲಯವನ್ನೇ ಕೇಳಬೇಕು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಆರೋಪಿಯನ್ನು ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುವುದರಿಂದ, ವಿವರವಾದ ಹೇಳಿಕೆಗೆ ಮುನ್ನ ವಕೀಲರನ್ನು ಕಾಣುವುದು ಒಳ್ಳೆಯದು. ಶಕ್ತಿಯಿಲ್ಲದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಸ್ಥಳದ ಮಹಜರು ಮತ್ತು ನಕ್ಷೆ, ಬ್ರೇಕ್ ಸ್ಥಿತಿಯನ್ನು ಹೇಳುವ ವಾಹನ ತಪಾಸಣಾ ವರದಿ, ಗಾಯದ ಪ್ರಮಾಣಪತ್ರ ಇವುಗಳ ಪ್ರತಿಗಳನ್ನು ಪಡೆದು ಒಂದಕ್ಕೊಂದು ತಾಳೆ ನೋಡಬೇಕು. ಸಿಸಿಟಿವಿ ದೃಶ್ಯಗಳು ಕೆಲವೇ ದಿನಗಳಲ್ಲಿ ಅಳಿದುಹೋಗಬಹುದಾದ್ದರಿಂದ ಅವನ್ನು ಉಳಿಸಿಡುವಂತೆ ಲಿಖಿತವಾಗಿ ಕೋರುವುದು ತುರ್ತಿನ ಕೆಲಸ.

ದಂಡ ಕಟ್ಟಿ ಮುಗಿಸುವ ಆಸೆಯಿಂದ ತಪ್ಪೊಪ್ಪಿಕೊಳ್ಳುವವರು, ಆ ಒಪ್ಪಿಗೆ ಚಾಲನಾ ಪರವಾನಗಿಗೂ ಕುತ್ತು ತರಬಹುದೆಂದು ಅರಿತಿರಬೇಕು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೂ ಅದನ್ನು ಪುರಾವೆಯಾಗಿ ಮುಂದಿಡಬಹುದು. ಅಲ್ಲಿ ಅನುಮಾನಾತೀತ ರುಜುವಾತು ಬೇಕಿಲ್ಲ, ನಡೆದಿರುವ ಸಂಭವ ಹೆಚ್ಚೆಂದು ತೋರಿದರೆ ಸಾಕು. ಆದ್ದರಿಂದಲೇ ಕ್ರಿಮಿನಲ್ ಪ್ರಕರಣದಲ್ಲಿ ಚಾಲಕ ಬಿಡುಗಡೆಯಾದರೂ ಮೃತರ ಕುಟುಂಬಕ್ಕೆ ಪರಿಹಾರದ ದಾರಿ ಮುಚ್ಚುವುದಿಲ್ಲ.