ನೆಲದ ಪಾಲು

ಮನೆ ಕಟ್ಟುವ ಕಷ್ಟವನ್ನು ನಮ್ಮ ಗಾದೆ ಮದುವೆ ಮಾಡುವ ಕಷ್ಟದೊಡನೆ ಜೋಡಿಸಿ ಹೇಳಿದೆ. ಆ ಗಾದೆಯನ್ನು ಮೊದಲು ಆಡಿದವರು ಬಯಲುಸೀಮೆಯವರಾಗಿರಬೇಕೆಂದು ನನಗೆ ತೋರುತ್ತದೆ. ಮಲೆನಾಡಿನವರಾಗಿದ್ದರೆ ಇವೆರಡಕ್ಕೂ ಮುಂಚೆ ನೆಲವನ್ನು ನಿಲ್ಲಿಸಿ ನೋಡು ಎಂಬ ಮಾತನ್ನೂ ಸೇರಿಸುತ್ತಿದ್ದರು. ಬಯಲಿನಲ್ಲಿ ನಿವೇಶನವನ್ನು ಕೊಂಡವನಿಗೆ ನೆಲವೂ ಅದರೊಡನೆಯೇ ದೊರೆಯುತ್ತದೆ. ಗುಡ್ಡದಲ್ಲಿ ಹಾಗಲ್ಲ, ಅಲ್ಲಿ ನಿವೇಶನವನ್ನು ಕೊಂಡ ಮೇಲೆ ನೆಲವನ್ನು ಬೇರೆಯಾಗಿ ಸಂಪಾದಿಸಬೇಕು.

ಮಡಿಕೇರಿಯ ಅಂಚಿನಲ್ಲಿ ನಾವು ಕೊಂಡಿರುವ ನಿವೇಶನದ ಅಗಲ 40 ಅಡಿ, ಉದ್ದ 60 ಅಡಿ. ರಸ್ತೆ ಇರುವುದು ಮೇಲುಗಡೆ. ಅಲ್ಲಿಂದ ಹಿಂದಣ ಬೇಲಿಯವರೆಗೆ ನೆಲ 12 ಅಡಿ ಇಳಿಯುತ್ತದೆಯೆಂದು ಮೇಸ್ತ್ರಿ ಕೊಳವೆಯಲ್ಲಿ ನೀರು ತುಂಬಿ, ಮಟ್ಟ ಹಿಡಿದು ತೋರಿಸಿದ. ಐದು ಅಡಿ ನಡೆದರೆ ಒಂದು ಅಡಿ ಇಳಿತ. ಇಳಿಜಾರು ಎಂಬ ಪದವನ್ನು ಎಷ್ಟೋ ಸಲ ತರಗತಿಯಲ್ಲಿ ಬಿಡಿಸಿ ಹೇಳಿದ್ದೇನೆ. ಇಳಿಯುವುದರ ಪಕ್ಕದಲ್ಲಿಯೇ ಜಾರುವುದನ್ನು ಇಟ್ಟ ನಮ್ಮ ಹಿರಿಯರ ಜಾಣತನ, ಆ ನೀರಿನ ಮಟ್ಟವನ್ನು ನೋಡಿದಾಗ ಹೊಸದಾಗಿ ಹೊಳೆಯಿತು.

ಮನೆಯಲ್ಲಿ ನಾವು ಐವರು: ನಾನು, ನನ್ನ ಪತ್ನಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತನಾಲ್ಕರ ಅವ್ವ. ಅವ್ವ ಮಂಡ್ಯದ ಕಡೆಯವರು. ಗದ್ದೆಬಯಲಿನಲ್ಲಿ ನಡೆದಾಡಿದ ಕಾಲಿಗೆ ಈಗ ಮಂಡಿನೋವು. ನಿವೇಶನವನ್ನು ನೋಡಿ ಅವರು ಹೇಳಿದ್ದು ಒಂದೇ ಮಾತು: “ನೆಲ ಸಮ ಮಾಡ್ಸಪ್ಪ. ಮೆಟ್ಲು ಹತ್ತಿ ಇಳಿಯೋ ಮನೇಲಿ ನಾನಿರಕ್ಕಾಗಲ್ಲ.”

ಸಮ ಮಾಡಿಸುವುದೆಂದರೆ ಏನು? ರಸ್ತೆಯ ಮಟ್ಟಕ್ಕೆ ಮಣ್ಣು ತುಂಬಿಸುವುದು ಒಂದು ದಾರಿ. ಅದಕ್ಕೆ 14,400 ಘನ ಅಡಿ ಮಣ್ಣು ಬೇಕು. ಅದನ್ನು ತಡೆಯಲು ಹಿಂದುಗಡೆ 12 ಅಡಿ ಎತ್ತರದ ಗೋಡೆ ಬೇಕು. ಮೇಲರ್ಧವನ್ನು ಕಡಿದು ಕೆಳಗರ್ಧಕ್ಕೆ ತುಂಬುವುದು ಇನ್ನೊಂದು ದಾರಿ. ಆಗ ಕಡಿಯಬೇಕಾದದ್ದು 3,600 ಘನ ಅಡಿ. ಮೇಲೆ 6 ಅಡಿಯ ಕಡಿತ, ಕೆಳಗೆ 6 ಅಡಿಯ ತಡೆಗೋಡೆ. ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ತಡೆಗೋಡೆಯ ಎತ್ತರ ಎರಡರಷ್ಟಾದರೆ ಅದರ ಬೆನ್ನಿಗೆ ಬೀಳುವ ಮಣ್ಣಿನ ನೂಕು ನಾಲ್ಕರಷ್ಟಾಗುತ್ತದೆ. ಗೋಡೆಯನ್ನು ಮಗುಚಲು ಹವಣಿಸುವ ಶಕ್ತಿ ಎಂಟರಷ್ಟಾಗುತ್ತದೆ. ಇದು ನೀರಿಲ್ಲದ ಮಣ್ಣಿನ ಮಾತು. ನೀರು ಕುಡಿದ ಮಣ್ಣಿನ ಭಾರವೂ ಹೆಚ್ಚು, ಹಿಡಿತವೂ ಕಡಿಮೆ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಮನೆಗಳನ್ನು ಹೊತ್ತುಕೊಂಡು ಇಳಿದವು. ಆ ಮಳೆಯನ್ನು ತಡೆಯುವ ಶಕ್ತಿ ಯಾರಿಗೂ ಇರಲಿಲ್ಲ. ಆದರೆ ಮನೆಗಳಿಗಾಗಿ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದೂ ಕಾರಣಗಳಲ್ಲಿ ಒಂದೆಂದು ಭೂವಿಜ್ಞಾನಿಗಳು ಹೇಳಿದರು. ಮಳೆ ನಮ್ಮ ಕೈಯಲ್ಲಿಲ್ಲ. ಕಡಿಯುವ ಗುದ್ದಲಿ ನಮ್ಮ ಕೈಯಲ್ಲಿದೆ.

ಮಲೆನಾಡಿನ ರೈತ ಇಳಿಜಾರಿನಲ್ಲಿ ಗದ್ದೆ ಮಾಡಿರುವುದನ್ನು ನೋಡಿದರೆ ಒಂದು ಪಾಠ ದೊರೆಯುತ್ತದೆ. ಅವನು ಒಂದು ದೊಡ್ಡ ಗದ್ದೆಗಾಗಿ ಗುಡ್ಡವನ್ನು ಸೀಳಲಿಲ್ಲ. ಮೊಳಕಾಲೆತ್ತರದ ಬದುಗಳನ್ನು ಹಾಕಿ, ಚಿಕ್ಕ ಚಿಕ್ಕ ಮಡಿಗಳನ್ನು ಮಾಡಿ, ನೀರನ್ನು ಮಡಿಯಿಂದ ಮಡಿಗೆ ಮೆಲ್ಲನೆ ಇಳಿಸಿದ. ನಮ್ಮ ನಕ್ಷೆಯೂ ಕೊನೆಗೆ ಅದೇ ದಾರಿಯನ್ನು ಹಿಡಿಯಿತು.

ರಸ್ತೆಗಿಂತ ಅರ್ಧ ಅಡಿ ಮೇಲೆ, 30 ಅಡಿ ಉದ್ದಗಲದ ಮುಖ್ಯ ಅಂತಸ್ತು. ಮೆಟ್ಟಿಲಿಲ್ಲದೆ, ಸಣ್ಣ ಓರೆಯೊಂದರ ಮೇಲೆ ನಡೆದು ಒಳಗೆ ಬರಬಹುದು. ಅವ್ವನ ಕೋಣೆ, ಬಚ್ಚಲು, ದೇವರ ಗೂಡು, ಅಡುಗೆಮನೆ ಎಲ್ಲವೂ ಇಲ್ಲಿಯೇ. ಹಿಂದುಗಡೆ ನೆಲ ತಾನಾಗಿ ಇಳಿದಿರುವುದರಿಂದ ಈ ಅಂತಸ್ತಿನ ಹಿಂದಣ ಅರ್ಧದ ಕೆಳಗೆ ಎರಡು ಕೋಣೆಗಳಿಗೆ ಎಡೆ ಸಿಕ್ಕಿತು: ಒಂದು ಮಕ್ಕಳಿಗೆ, ಇನ್ನೊಂದು ನನ್ನ ಪುಸ್ತಕಗಳಿಗೆ. ಇದಕ್ಕಾಗಿ ಕಡಿಯಬೇಕಾದ ಮಣ್ಣು ಸುಮಾರು 1,125 ಘನ ಅಡಿ. ಕಡಿತದ ಆಳ ಎಲ್ಲಿಯೂ ನಾಲ್ಕು ಅಡಿಯನ್ನು ಮೀರದು. ಅದಕ್ಕೂ ಕೆಳಗಿನ ಜಾಗ ಎರಡೆರಡು ಅಡಿ ಎತ್ತರದ ಎರಡು ಕಟ್ಟೆಗಳಾಗಿ ಹಿತ್ತಲಾಗುತ್ತದೆ.

ಇನ್ನು ಹಣದ ಮಾತು. ನಮ್ಮ ಶಕ್ತಿ ಒಟ್ಟು 42 ಲಕ್ಷ ರೂಪಾಯಿ: ಉಳಿತಾಯ 15 ಲಕ್ಷ, ಬ್ಯಾಂಕಿನ ಸಾಲ 27 ಲಕ್ಷ. ಇಂಜಿನಿಯರರು ಕೊಟ್ಟ ಮೊದಲ ಅಂದಾಜಿನಲ್ಲಿ ಚರಂಡಿ, ತಡೆಗೋಡೆ, ಮಣ್ಣಿನ ಕೆಲಸಗಳೆಲ್ಲ ‘ಇತರೆ’ ಎಂಬ ಒಂದೇ ಸಾಲಿನಲ್ಲಿ ಅಡಗಿದ್ದವು. ಅವುಗಳನ್ನು ಬೇರೆ ಹಾಳೆಯಲ್ಲಿ ಬಿಡಿಸಿ ಬರೆಯಿಸಿದೆ. ರಸ್ತೆಯ ನೀರು ಒಳಗೆ ನುಗ್ಗದಂತೆ ಮೇಲುಗಡೆ ಅಡ್ಡ ಚರಂಡಿ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಪಾಯ. ಗೋಡೆಯ ಬೆನ್ನಿಗೆ ಜಲ್ಲಿ, ಗೋಡೆಯಲ್ಲಿ ನೀರು ಬಸಿಯುವ ಕಿಂಡಿಗಳು. ಲಾರಿ ಇಳಿಯಲಾರದ ಕಡೆಗೆ ಕಲ್ಲು ಮರಳು ಹೊರುವ ಕೂಲಿ. ಎಲ್ಲ ಸೇರಿ 11 ಲಕ್ಷವಾಯಿತು. ಇದನ್ನು ನಾನು ನೆಲದ ಪಾಲು ಎಂದು ಕರೆದಿದ್ದೇನೆ. ಅನಿರೀಕ್ಷಿತಕ್ಕೆಂದು 4 ಲಕ್ಷ ಮುಟ್ಟದೆ ಇಟ್ಟಾಯಿತು. ಉಳಿದ 27 ಲಕ್ಷದಲ್ಲಿ 1,350 ಚದರ ಅಡಿಯ ಮನೆ ಏಳಬೇಕು. ಚದರ ಅಡಿಗೆ 2,000 ರೂಪಾಯಿ. ಬ್ಯಾಂಕಿನವರು ಕಟ್ಟಡ ಏರಿದಂತೆ ಕಂತುಕಂತಾಗಿ ಹಣ ಬಿಡುತ್ತಾರೆ; ಇಳಿಜಾರಿನಲ್ಲಿಯಾದರೋ ಕಣ್ಣಿಗೆ ಕಾಣುವಂತೆ ಏನೂ ಏಳುವುದಕ್ಕೆ ಮುಂಚೆಯೇ ಹಣ ಇಳಿದುಹೋಗಿರುತ್ತದೆ. ಆದ್ದರಿಂದ ನೆಲಕ್ಕೆ ಸ್ವಂತದ ಹಣ, ಮನೆಗೆ ಸಾಲದ ಹಣ ಎಂದು ಗೊತ್ತುಮಾಡಿದೆವು.

ಪಟ್ಟಿಯನ್ನು ನೋಡಿ ನನ್ನ ಪತ್ನಿ ಕೇಳಿದಳು: “ಮಣ್ಣಿನಲ್ಲಿ ಹೂತುಹೋಗುವ ಜಲ್ಲಿಗೆ ದುಡ್ಡಿದೆ, ಅಡುಗೆಮನೆಯ ಕಪಾಟಿಗೆ ಇಲ್ಲವೆ?” ಪ್ರಶ್ನೆ ನ್ಯಾಯವಾದದ್ದು. ಆ ಅಡುಗೆಮನೆಯಲ್ಲಿ ದಿನವೂ ನಿಲ್ಲುವವಳು ಅವಳು. ಜಲ್ಲಿಯನ್ನು ಯಾರೂ ನೋಡುವುದಿಲ್ಲ. ಆಮೇಲೆ ಇಬ್ಬರೂ ಕುಳಿತು ಪಟ್ಟಿಯ ಪ್ರತಿಯೊಂದು ಬಾಬನ್ನೂ ಒಂದೇ ಒರೆಗೆ ಹಚ್ಚಿದೆವು: ಇದನ್ನು ಮೂರು ವರ್ಷದ ಮೇಲೆ ಮಾಡಿಸಲು ಸಾಧ್ಯವೆ? ಕಪಾಟು ಸಾಧ್ಯ, ಬಣ್ಣ ಸಾಧ್ಯ, ತೇಗದ ಬಾಗಿಲೂ ಸಾಧ್ಯ. ಮಣ್ಣು ಮುಚ್ಚಿದ ಮೇಲೆ ಗೋಡೆಯ ಬೆನ್ನಿಗೆ ಜಲ್ಲಿ ತುಂಬುವುದು ಸಾಧ್ಯವಿಲ್ಲ. ಸಾಧ್ಯವಿಲ್ಲದವುಗಳಿಗೆ ಮೊದಲ ಹಣ. ಕಪಾಟಿನ ಜಾಗದಲ್ಲಿ ಸದ್ಯಕ್ಕೆ ಕಡಪದ ಕಲ್ಲಿನ ಹಲಗೆಗಳು ಬರಲಿವೆ. ಬಾಗಿಲು ಬಂದಾಗ ಬರಲಿ ಎಂದು ಅವಳೇ ಪೆನ್ಸಿಲಿನಿಂದ ಗುರುತು ಹಾಕಿದಳು.

ಮೇಸ್ತ್ರಿ ಇನ್ನೊಂದು ಮಾತು ಸೇರಿಸಿದ: “ಈ ಬೇಸಗೆಯಲ್ಲಿ ಚರಂಡಿ, ಹಿತ್ತಲ ಕಟ್ಟೆ ಮಾತ್ರ ಮುಗಿಸುವಾ ಸಾರ್. ಒಂದು ಮಳೆಗಾಲ ನೀರು ಎಲ್ಲಿ ಹೋಗುತ್ತದೆ ನೋಡಿ, ಆಮೇಲೆ ಪಾಯ ತೆಗೆಯುವಾ.” ಅವನ ಮಾತು ಸರಿ. ಆದರೆ ಅದರ ಬೆಲೆ ಒಂದು ವರ್ಷದ ಬಾಡಿಗೆ; ಅದಕ್ಕಿಂತ ಹೆಚ್ಚಾಗಿ, ಅವ್ವನ ಆಯುಸ್ಸಿನಲ್ಲಿ ಒಂದು ವರ್ಷ. ಕಾಯಿರಿ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ನಕ್ಷೆಯಲ್ಲಿ ಅವರ ಕೋಣೆಯನ್ನು ತೋರಿಸಿ, ವಿಷಯವನ್ನಷ್ಟೇ ತಿಳಿಸಿದೆ. ಅವರು ರಸ್ತೆಯಿಂದ ತಮ್ಮ ಮಂಚದವರೆಗೆ ಬೆರಳನ್ನು ಎಳೆದು, ನಡುವೆ ಮೆಟ್ಟಿಲಿಲ್ಲವೆಂಬುದನ್ನು ಖಚಿತಪಡಿಸಿಕೊಂಡು, “ಒಂದು ಮಳೆ ನೋಡ್ಲಿ ಬಿಡಪ್ಪ. ಮಕ್ಕಳು ಇರೋ ಮನೆ” ಎಂದರು.

ಡಿಸೆಂಬರಿನಲ್ಲಿ ಚರಂಡಿಯ ಕೆಲಸ ಮೊದಲಾಗುತ್ತದೆ.