ಎದೆಯ ಮೇಲಿನ ಸಾಕ್ಷಿ

ನಾಗರಿಕ ಸಮಾಜವು ತನ್ನ ರಕ್ಷಣೆಗಾಗಿ ಪೊಲೀಸರ ಕೈಗೆ ವಿಶೇಷವಾದ ಅಧಿಕಾರವನ್ನು ಒಪ್ಪಿಸಿದೆ. ಶಂಕಿತರನ್ನು ತಡೆದು ನಿಲ್ಲಿಸುವುದು, ಶೋಧಿಸುವುದು, ಬಂಧಿಸುವುದು, ಅನಿವಾರ್ಯವಾದಾಗ ಬಲವನ್ನು ಪ್ರಯೋಗಿಸುವುದು ಇವೆಲ್ಲ ಪೊಲೀಸರಿಗೆ ಕಾನೂನು ಕೊಟ್ಟಿರುವ ಅಧಿಕಾರಗಳು. ಅಧಿಕಾರವಿದ್ದಲ್ಲಿ ಹೊಣೆಗಾರಿಕೆಯೂ ಇರಬೇಕು. ಆದರೆ ನಿರ್ಜನವಾದ ಬೀದಿಯಲ್ಲಿ ಪೊಲೀಸನಿಗೂ ಪ್ರಜೆಗೂ ನಡುವೆ ನಡೆದ ಘಟನೆಗೆ ಸಾಕ್ಷಿ ಯಾರು? ಒಬ್ಬನ ಮಾತಿಗೆ ಇನ್ನೊಬ್ಬನ ಮಾತು ಎದುರಾಗಿ ನಿಂತಾಗ ಸಮವಸ್ತ್ರ ಧರಿಸಿದವನ ಮಾತಿಗೇ ಹೆಚ್ಚಿನ ತೂಕ ಸಲ್ಲುವುದುಂಟು. ಈ ತೊಡಕನ್ನು ಬಿಡಿಸಲೆಂದು ಬಳಕೆಗೆ ಬಂದ ಸಾಧನವೇ ಪೊಲೀಸರು ಎದೆಯ ಮೇಲೆ ಧರಿಸುವ ಕ್ಯಾಮೆರಾ.

ಇಂಗ್ಲೆಂಡಿನ ಪ್ಲಿಮತ್ ಪಟ್ಟಣದಲ್ಲಿ 2005ರ ಸುಮಾರಿಗೆ ಇದರ ಮೊದಲ ಪ್ರಯೋಗಗಳು ನಡೆದವು. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಈ ಯಂತ್ರವನ್ನು ಅಂಗಿಯ ಮುಂಭಾಗಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಗುಂಡಿಯನ್ನು ಒತ್ತಿದೊಡನೆ ಅದು ಎದುರಿನ ದೃಶ್ಯವನ್ನೂ ಧ್ವನಿಯನ್ನೂ ದಾಖಲಿಸತೊಡಗುತ್ತದೆ. ಕೆಲಸ ಮುಗಿದ ಬಳಿಕ ದಾಖಲೆಯನ್ನು ಇಲಾಖೆಯ ಸಂಗ್ರಹಕ್ಕೆ ಸೇರಿಸುತ್ತಾರೆ. ಇಂತಹ ಅನೇಕ ಕ್ಯಾಮೆರಾಗಳಿಗೆ ಇನ್ನೊಂದು ವಿಶೇಷ ಗುಣವಿದೆ. ಗುಂಡಿಯನ್ನು ಒತ್ತುವ ಮುನ್ನವೂ ಅವು ನೋಡುತ್ತಲೇ ಇರುತ್ತವೆ. ಒತ್ತುವುದಕ್ಕೆ ಹಿಂದಿನ ಸುಮಾರು ಅರ್ಧ ನಿಮಿಷದ ದೃಶ್ಯವೂ, ಧ್ವನಿಯಿಲ್ಲದೆ, ದಾಖಲೆಯಲ್ಲಿ ಸೇರಿಕೊಳ್ಳುತ್ತದೆ.

ಈ ಅರ್ಧ ನಿಮಿಷದ ಮಹತ್ವವೆಷ್ಟೆಂಬುದಕ್ಕೆ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 2017ರ ಜನವರಿಯಲ್ಲಿ ನಡೆದ ಪ್ರಸಂಗವೊಂದು ನಿದರ್ಶನವಾಗಿದೆ. ಅಲ್ಲಿ ಪೊಲೀಸನೊಬ್ಬನು ಕಸದ ರಾಶಿಯ ನಡುವೆ ಮಾದಕ ವಸ್ತುವಿದ್ದ ಪೊಟ್ಟಣವೊಂದನ್ನು ಇಟ್ಟು, ಬೀದಿಗೆ ಬಂದು, ಕ್ಯಾಮೆರಾದ ಗುಂಡಿಯನ್ನು ಒತ್ತಿದನು. ಅನಂತರ ಹಿಂದಿರುಗಿ ಹೋಗಿ, ಹುಡುಕಿ ಕಂಡುಹಿಡಿದವನಂತೆ ಅದನ್ನು ಹೊರತೆಗೆದನು. ಆದರೆ ಅವನು ಪೊಟ್ಟಣವನ್ನು ಇಟ್ಟ ದೃಶ್ಯವೂ ಕ್ಯಾಮೆರಾದಲ್ಲಿ ಉಳಿದಿತ್ತು. ಆ ಪ್ರಕರಣದ ಆರೋಪಿ ಜಾಮೀನಿನ ಹಣ ಕಟ್ಟಲಾಗದೆ ತಿಂಗಳುಗಟ್ಟಲೆ ಸೆರೆಮನೆಯಲ್ಲಿದ್ದನು. ಬಡವರ ಪರವಾಗಿ ವಾದಿಸುವ ಸರಕಾರಿ ವಕೀಲರ ಕಚೇರಿಯವರು ಆ ದೃಶ್ಯವನ್ನು ಗಮನಿಸಿ ಬೆಳಕಿಗೆ ತಂದರು. ಅವನ ಮೇಲಿನ ಮೊಕದ್ದಮೆ ಬಿದ್ದುಹೋಯಿತು. ಮೊದಲೇ ಸಿಕ್ಕಿದ್ದ ವಸ್ತುವಿನ ಪತ್ತೆಯನ್ನು ತಾನು ಪುನಃ ಮಾಡಿ ತೋರಿಸಿದೆನಷ್ಟೇ ಎಂದು ಪೊಲೀಸನು ವಾದಿಸಿದನು. ನ್ಯಾಯಾಲಯವು ಅದನ್ನು ಒಪ್ಪದೆ, ಸುಳ್ಳು ಸಾಕ್ಷ್ಯವನ್ನು ಸೃಷ್ಟಿಸಿದ ಅಪರಾಧಿಯೆಂದು 2018ರಲ್ಲಿ ತೀರ್ಪಿತ್ತಿತು.

ಹಾಗಾದರೆ ಕ್ಯಾಮೆರಾವನ್ನು ತೊಡಿಸಿದ ಮಾತ್ರಕ್ಕೆ ನಡತೆ ಸುಧಾರಿಸುವುದೇ? ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಪಟ್ಟಣದಲ್ಲಿ 2012–13ರಲ್ಲಿ ಒಂದು ವರ್ಷ ಇದನ್ನು ಪರೀಕ್ಷಿಸಲಾಯಿತು. ಹಿಂದಿನ ವರ್ಷಕ್ಕೆ ಹೋಲಿಸಿದರೆ ಪೊಲೀಸರ ವಿರುದ್ಧದ ದೂರುಗಳು ಶೇಕಡ 88ರಷ್ಟೂ, ಬಲಪ್ರಯೋಗದ ಪ್ರಸಂಗಗಳು ಸುಮಾರು ಶೇಕಡ 60ರಷ್ಟೂ ಇಳಿದಿದ್ದವು. ಈ ಫಲಿತಾಂಶವನ್ನು ಕಂಡು ಜಗತ್ತಿನ ಅನೇಕ ಪೊಲೀಸ್ ಇಲಾಖೆಗಳು ಕ್ಯಾಮೆರಾಗಳತ್ತ ಒಲಿದವು. ಆದರೆ ವಾಷಿಂಗ್ಟನ್ ನಗರದಲ್ಲಿ 2,000ಕ್ಕೂ ಹೆಚ್ಚು ಪೊಲೀಸರನ್ನು ಒಳಗೊಂಡು ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನವು ಬೇರೆಯದೇ ಮಾತನ್ನು ಹೇಳಿತು. ಅಲ್ಲಿ ಕ್ಯಾಮೆರಾ ತೊಟ್ಟವರ ನಡತೆಗೂ ತೊಡದವರ ನಡತೆಗೂ ಗಣನೀಯವಾದ ವ್ಯತ್ಯಾಸ ಕಂಡುಬರಲಿಲ್ಲ.

ಒಂದೇ ಸಾಧನವು ಒಂದೆಡೆ ಫಲ ಕೊಟ್ಟು ಇನ್ನೊಂದೆಡೆ ಕೊಡದಿದ್ದರೆ, ಸಾಧನದಾಚೆಗೂ ದೃಷ್ಟಿ ಹಾಯಿಸಬೇಕಾಗುತ್ತದೆ. ಗುಂಡಿಯನ್ನು ಒತ್ತುವವರು ಯಾರು? ದಾಖಲೆಯನ್ನು ಕಾಯುವವರು ಯಾರು? ಅದನ್ನು ನೋಡುವ ಹಕ್ಕು ಯಾರಿಗಿದೆ? ಷಿಕಾಗೊ ನಗರದಲ್ಲಿ 2014ರ ಅಕ್ಟೋಬರ್‌ನಲ್ಲಿ ಹದಿನೇಳು ವರ್ಷದ ಹುಡುಗನೊಬ್ಬನು ಪೊಲೀಸನ ಹದಿನಾರು ಗುಂಡುಗಳಿಗೆ ಬಲಿಯಾದನು. ಅವನು ಚಾಕು ಹಿಡಿದು ಪೊಲೀಸರ ಮೇಲೆ ಏರಿಬಂದನೆಂದು ವರದಿಗಳು ಹೇಳಿದವು. ಆದರೆ ಪೊಲೀಸ್ ಕಾರಿಗೆ ಅಳವಡಿಸಿದ್ದ ಕ್ಯಾಮೆರಾ ಅವನು ದೂರ ಸರಿದು ನಡೆಯುತ್ತಿದ್ದುದನ್ನು ತೋರಿಸಿತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ದೃಶ್ಯವು ಸಾರ್ವಜನಿಕರಿಗೆ ಕಾಣಸಿಗಲಿಲ್ಲ. ನ್ಯಾಯಾಧೀಶರ ಆಜ್ಞೆಯ ಮೇರೆಗೆ 2015ರ ನವೆಂಬರ್‌ನಲ್ಲಿ ಅದು ಹೊರಬಂದಿತು. 2018ರಲ್ಲಿ ಆ ಪೊಲೀಸನು ಕೊಲೆಯ ಅಪರಾಧಿಯೆಂದು ತೀರ್ಮಾನವಾಯಿತು. ಸಾಕ್ಷಿ ಇದ್ದರೆ ಸಾಲದು, ಸಾಕ್ಷಿ ನುಡಿಯಲು ಅವಕಾಶವೂ ಬೇಕು.

ಭಾರತದ ಸರ್ವೋಚ್ಚ ನ್ಯಾಯಾಲಯವು ಈ ಸೂಕ್ಷ್ಮವನ್ನು ಗುರುತಿಸಿದೆ. ದೇಶದ ಪ್ರತಿಯೊಂದು ಪೊಲೀಸ್ ಠಾಣೆಯಲ್ಲಿಯೂ ಕ್ಯಾಮೆರಾಗಳಿರಬೇಕೆಂದು 2020ರ ಡಿಸೆಂಬರ್‌ನಲ್ಲಿ ಆದೇಶಿಸಿದಾಗ, ದಾಖಲೆಗಳನ್ನು ಕಾಪಾಡಬೇಕಾದ ಅವಧಿಯನ್ನೂ, ಅವುಗಳ ಮೇಲ್ವಿಚಾರಣೆಗೆ ಸಮಿತಿಗಳು ಇರಬೇಕೆಂಬುದನ್ನೂ ಅದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪೊಲೀಸರು ನಡೆಸುವ ಶೋಧನೆ ಮತ್ತು ಜಪ್ತಿಯ ಕಾರ್ಯವನ್ನು ದೃಶ್ಯ-ಧ್ವನಿ ರೂಪದಲ್ಲಿ ದಾಖಲಿಸಬೇಕು. ಬೆಂಗಳೂರಿನ ಸಂಚಾರ ಪೊಲೀಸರ ಎದೆಯ ಮೇಲೂ ಇಂದು ಕ್ಯಾಮೆರಾಗಳು ಕಾಣಿಸುತ್ತವೆ.

ಕ್ಯಾಮೆರಾ ಪೊಲೀಸರ ಶತ್ರುವೇನೂ ಅಲ್ಲ. ಸುಳ್ಳು ದೂರಿಗೆ ಗುರಿಯಾದ ಪ್ರಾಮಾಣಿಕ ಪೊಲೀಸನನ್ನು ಅದೇ ಕಾಪಾಡಬಲ್ಲದು. ಹಾಗೆಂದು ಅದು ಎಲ್ಲವನ್ನೂ ಕಾಣಲಾರದು. ಎದೆಯ ಮೇಲಿನ ಕಣ್ಣಿಗೆ ಎದುರಿಗಿರುವವನು ಕಾಣುವನೇ ಹೊರತು ಧರಿಸಿದವನು ಕಾಣುವುದಿಲ್ಲ. ಅದು ನೊಂದವರ ಮನೆಯೊಳಗೂ ಪ್ರವೇಶಿಸುವುದರಿಂದ ಅವರ ಗೌಪ್ಯವನ್ನೂ ಕಾಪಾಡಬೇಕಾಗುತ್ತದೆ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಯಂತ್ರವು ಕಂಡುದನ್ನು ಪ್ರಮಾಣಿಸಿ ನೋಡುವವರು ಮನುಷ್ಯರೇ. ಬಾಲ್ಟಿಮೋರಿನ ಆ ಅರ್ಧ ನಿಮಿಷವನ್ನು ಯಾರೂ ನೋಡದೆ ಹೋಗಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತಾಗುತ್ತಿತ್ತು. ಸಾಕ್ಷಿಯನ್ನು ಯಂತ್ರ ಕೊಡಬಹುದು. ನ್ಯಾಯವನ್ನು ಕೊಡಬೇಕಾದವರು ಎಚ್ಚರವುಳ್ಳ ಜನರು.