ಐದು ವರ್ಷ ಅಡಗಿದ್ದ ಎಬೋಲಾ

2021ರ ಫೆಬ್ರುವರಿಯಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ಎಬೋಲಾ ಮತ್ತೆ ತಲೆ ಎತ್ತಿತು. ಮೊದಲ ಅನುಮಾನ ಹೋಗುವುದು ಕಾಡುಪ್ರಾಣಿಗಳ ಮೇಲೆ, ಅದರಲ್ಲೂ ಬಾವಲಿಗಳ ಮೇಲೆ. ಆದರೆ ರೋಗಿಗಳ ರಕ್ತದಲ್ಲಿದ್ದ ವೈರಾಣುವಿನ ಜಿನೋಮ್ ಓದಿದಾಗ ಸಿಕ್ಕಿದ ಉತ್ತರವೇ ಬೇರೆ.

ಎಬೋಲಾದ್ದು ಆರ್‌ಎನ್‌ಎ ಜಿನೋಮ್, ಸುಮಾರು 19,000 ಅಕ್ಷರಗಳ ಒಂದೇ ಎಳೆ. ಅದನ್ನು ನಕಲು ಮಾಡುವ ಕಿಣ್ವಕ್ಕೆ ತಾನು ಬರೆದದ್ದನ್ನು ತಿದ್ದುವ ಗೊಡವೆಯಿಲ್ಲ. ಹಾಗಾಗಿ ಸೋಂಕು ಮೈಯಿಂದ ಮೈಗೆ ದಾಟುತ್ತಾ ಹೋದಂತೆ ತಪ್ಪುಗಳೂ ಕೂಡುತ್ತಾ ಹೋಗುತ್ತವೆ. ಓಲೆಗರಿಗಳ ಪಾಠಾಂತರ ನೋಡಿ ಯಾವ ಪ್ರತಿ ಯಾವುದರಿಂದ ಇಳಿದದ್ದೆಂದು ಗ್ರಂಥಸಂಪಾದಕರು ಗುರುತಿಸುತ್ತಾರಲ್ಲ, ವೈರಾಣುವಿನ ವಂಶಾವಳಿ ಬಿಡಿಸುವುದೂ ಹಾಗೆಯೇ. ಇಲ್ಲಿ ಇನ್ನೊಂದು ಅನುಕೂಲವಿದೆ: ತಪ್ಪುಗಳು ಕೂಡುವ ವೇಗ ಹೆಚ್ಚುಕಡಿಮೆ ಗೊತ್ತಿರುವುದರಿಂದ ಕಾಲವನ್ನೂ ಲೆಕ್ಕ ಹಾಕಬಹುದು.

ಓದುವ ಯಂತ್ರವೂ ಈಗ ಹಗುರ. 2015ರಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾದ ಹಿಂದಿನ ಮಹಾಸೋಂಕು ಇನ್ನೂ ನಡೆಯುತ್ತಿದ್ದಾಗಲೇ, ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದ ಜೋಶುವಾ ಕ್ವಿಕ್, ನಿಕ್ ಲೋಮನ್ ತಂಡ ಅಂಗೈಯಗಲದ ಮಿನಯಾನ್ ಯಂತ್ರಗಳನ್ನು ವಿಮಾನದ ಲಗೇಜಿನಲ್ಲೇ ಗಿನಿಗೆ ಒಯ್ದಿತ್ತು. ವೈರಾಣುವಿನ ಆರ್‌ಎನ್‌ಎಯನ್ನು ಡಿಎನ್‌ಎಗೆ ಪರಿವರ್ತಿಸಿ, ಆ ಎಳೆಯನ್ನು ಪ್ರೋಟೀನಿನ ಅತಿಸೂಕ್ಷ್ಮ ರಂಧ್ರದ ಮೂಲಕ ತೂರಿಸುತ್ತಾರೆ. ಅಕ್ಷರಗಳು ಹಾದುಹೋದಂತೆ ರಂಧ್ರದ ವಿದ್ಯುತ್ ಪ್ರವಾಹ ಏರಿಳಿಯುತ್ತದೆ. ಆ ಏರಿಳಿತವನ್ನೇ ಕಂಪ್ಯೂಟರ್ ಅಕ್ಷರಗಳಾಗಿ ಓದುತ್ತದೆ. ಆ ತಂಡ 142 ಮಾದರಿಗಳನ್ನು ಓದಿತು. ಮಾದರಿ ಕೈಸೇರಿದ ಒಂದೇ ದಿನದೊಳಗೆ ಫಲಿತಾಂಶ ಕೊಡಬಹುದೆಂದೂ ತೋರಿಸಿತು.

2021ಕ್ಕೆ ಮರಳೋಣ. ವೈರಾಣು ಆ ಮಹಾಸೋಂಕಿನ ಕಾಲದಿಂದ, ಅಂದರೆ 2014ರಿಂದ, ಸದ್ದಿಲ್ಲದೆ ಜನರ ನಡುವೆ ಓಡಾಡಿಕೊಂಡೇ ಇದ್ದಿದ್ದರೆ ನೂರಕ್ಕೂ ಹೆಚ್ಚು ಬದಲಾವಣೆ ಕಾಣಬೇಕಿತ್ತು. ಕಂಡದ್ದು ಹನ್ನೆರಡು, ಹದಿಮೂರು ಮಾತ್ರ! ಕಾಡಿನಿಂದ ಹೊಸದಾಗಿ ಬಂದದ್ದೂ ಅಲ್ಲ, ಏಕೆಂದರೆ ಹಳೆಯ ಮಹಾಸೋಂಕಿನ ನಡುವೆಯೇ ಹುಟ್ಟಿದ ಗುರುತುಗಳು ಅದರಲ್ಲಿದ್ದವು. ಉಳಿದದ್ದು ಒಂದೇ ವಿವರಣೆ: ರೋಗದಿಂದ ಗುಣವಾದ ಯಾರದೋ ದೇಹದಲ್ಲಿ ಅದು ಕನಿಷ್ಠ ಐದು ವರ್ಷ, ಬಹುಪಾಲು ನಕಲಾಗದೆಯೇ, ಕುಳಿತಿತ್ತು. ರೋಗನಿರೋಧಕ ವ್ಯವಸ್ಥೆಯ ಕಾವಲು ಸಡಿಲವಿರುವ ವೃಷಣ, ಕಣ್ಣುಗಳಲ್ಲಿ ಎಬೋಲಾ ಉಳಿಯಬಲ್ಲದೆಂಬುದು ಮೊದಲೇ ತಿಳಿದಿತ್ತು. ಇಷ್ಟು ದೀರ್ಘಕಾಲ ಎಂದು ಯಾರೂ ಎಣಿಸಿರಲಿಲ್ಲ.

ವೇಗವಾಗಿ ಬದಲಾಗುವ ವೈರಾಣುವಿನ ವಿಷಯದಲ್ಲಿ ಅತಿ ಮುಖ್ಯ ಸುಳಿವು ಸಿಕ್ಕಿದ್ದು ಬದಲಾಗದೆ ಉಳಿದ ಅಕ್ಷರಗಳಿಂದ ಎಂಬುದು ನನಗೆ ಈಗಲೂ ಸೋಜಿಗ. ಆದರೆ ಇದನ್ನು ಎಚ್ಚರದಿಂದ ಹೇಳಬೇಕು. ಆ ಮಹಾಸೋಂಕಿನಲ್ಲಿ ಬದುಕುಳಿದವರು ಸಾವಿರಾರು ಮಂದಿ. ಇಂಥ ಮರುಕಳಿಕೆ ತೀರಾ ಅಪರೂಪ. ಮೊದಲೇ ಊರವರ ಅನುಮಾನಕ್ಕೆ ತುತ್ತಾಗಿದ್ದ ಅವರಿಗೆ ಈಗ ಬೇಕಿರುವುದು ಗೋಪ್ಯತೆ ಕಾಪಾಡುವ ದೀರ್ಘಕಾಲದ ತಪಾಸಣೆ ಮತ್ತು ಸುತ್ತಲಿನವರಿಗೆ ಲಸಿಕೆ.